ಹೊಸ್ತಿಲಿಲ್ಲದ ಹಟ್ಟಿಗಳು

ಕಳೆದ ತಿಂಗಳು ಒಂದು ಮಣೆ ಮಾಡಿಸಲೆಂದು ಕಬಕದ ಮರದ ಮಿಲ್ಲಿಗೆ ಹೋಗಿದ್ದೆ. ಅಲ್ಲಿ ಹಸಿ ಹಲಸಿನ ದಿಮ್ಮಿಯೊಂದನ್ನು ಸೀಳುತ್ತಿದ್ದರು. ಹಳದಿ ಹುಡಿ ಹಾರಿ ಬಂದು ಮುಖಕ್ಕೆ ಬಿತ್ತು. ಅದರ ವಾಸನೆ ಮೂಗಿಗೆ ಬಂದದ್ದೇ ಅಲ್ಲೇ ಒಂದು ದಿಮ್ಮಿಯ ಮೇಲೆ ಕುಳಿತುಬಿಟ್ಟೆ. ಮಿಲ್ಲಿನವನು ಯಂತ್ರ ನಿಲ್ಲಿಸಿ ಓಡಿ ಬಂದ.

"ಎಂತಾಯ್ತು ಅಜ್ಜ? ನೀರು ಬೇಕಾ?"

"ಎಂತ ಇಲ್ಲ ಮಾರಾಯ. ಹುಡಿ ಕಣ್ಣಿಗೆ ಹೋಯ್ತು" ಎಂದೆ.

ಹುಡಿ ಕಣ್ಣಿಗೆ ಹೋಗಿರಲಿಲ್ಲ. ಆ ವಾಸನೆಯ ಜೊತೆಗೆ ಎಂಬತ್ತೊಂದನೇ ಇಸವಿಯ ಡಿಸೆಂಬರ್ ತಿಂಗಳು ಬಂದಿತ್ತು. ಕಡಬದ ಹತ್ತಿರದ ಕುಮಾರಧಾರೆಯ ದಂಡೆ, ಹುಲ್ಲಿನ ಮಾಡಿನ ಐದು ಮನೆ, ಬಿಸಿಲಲ್ಲಿ ಸಾಲಾಗಿ ನಿಂತ ಗಾಲಿಕುರ್ಚಿಗಳು, ಗರಗಸ ಹಿಡಿದು ಮಂಡಿಯೂರಿ ಕುಳಿತ ನಾನು. ಅವತ್ತು ನಡೆದದ್ದರಲ್ಲಿ ಅರ್ಧ ಆ ಊರಿನ ಹಳಬರಿಗೆ ಗೊತ್ತಿದೆ. ಉಳಿದರ್ಧ ಗೊತ್ತಿರುವುದು ನನಗೊಬ್ಬನಿಗೇ. ಅದನ್ನು ಬರೆಯದೆ ಹೋಗಬಾರದೆಂದು ಈಗ ಬರೆಯುತ್ತಿದ್ದೇನೆ.

ನನ್ನ ಊರು ಸುಳ್ಯದ ಆಲೆಟ್ಟಿ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಕಡಬದ ಸುಂದರ ರೈಗಳ ತೋಟದಲ್ಲಿ ರೈಟರ್ ಕೆಲಸಕ್ಕೆ ಸೇರಿದೆ. ಆಳುಗಳ ಹಾಜರಿ ಹಾಕುವುದು, ರಬ್ಬರ್ ಶೀಟು ತೂಗಿಸುವುದು, ಧಣಿಗಳ ಕಾಗದಪತ್ರ ಬರೆಯುವುದು ನನ್ನ ಕೆಲಸ. ರೈಗಳು ಮನೆಯಲ್ಲಿ ಕೂರುವ ಜನವಾಗಿರಲಿಲ್ಲ. ಬೆಳಗಾದರೆ ಹೊಳೆಯಲ್ಲಿ ಗಾಳ ಹಾಕಿರುತ್ತಿದ್ದರು, ಇಲ್ಲವೆ ಗುಡ್ಡದಲ್ಲಿ ಜೇನು ಹುಡುಕುತ್ತಿರುತ್ತಿದ್ದರು. ಊಟದ ಹೊತ್ತಿಗೆ ಅವರನ್ನು ಪತ್ತೆ ಮಾಡಿ ಕರೆತರುವುದೂ ರೈಟರ್ ಕೆಲಸದೊಳಗೇ ಸೇರಿಹೋಗಿತ್ತು. ಎಪ್ಪತ್ತನಾಲ್ಕರಲ್ಲಿ ಜೇನಿಗೆಂದು ಹತ್ತಿದ ಮರದಿಂದ ಬಿದ್ದು ಬೆನ್ನುಮೂಳೆ ಮುರಿಯಿತು. ಮದರಾಸಿನ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಂಟು ತಿಂಗಳಿದ್ದು, ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದೆ, ಒಂದು ಗಾಲಿಕುರ್ಚಿಯ ಜೊತೆ ಹಿಂದಿರುಗಿದರು.

ಅವರ ಮನೆಯೋ ಎತ್ತರದ ಪಂಚಾಂಗದ, ಎಂದರೆ ಎತ್ತರದ ಅಡಿಪಾಯದ ಮನೆ. ಅಂಗಳದಿಂದ ಚಾವಡಿಗೆ ಏಳು ಮೆಟ್ಟಿಲು. ಒಳಗೆ ಹೋದರೆ ಒಂದೊಂದು ಬಾಗಿಲಿಗೂ ಗೇಣೆತ್ತರದ ಹೊಸ್ತಿಲು. ಕುರ್ಚಿ ಚಾವಡಿ ಬಿಟ್ಟು ಆಚೆ ಈಚೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಅವರನ್ನು ಎತ್ತುವ ಕೆಲಸ ನನಗೆ ಬಂತು. ಆಗ ನಾನು ಗಟ್ಟಿಯಾಳು. ಒಂದು ಕೈ ಬೆನ್ನಿನ ಹಿಂದೆ, ಇನ್ನೊಂದು ಮೊಣಕಾಲಿನ ಕೆಳಗೆ. ಚಾವಡಿಯಿಂದ ಬಚ್ಚಲಿಗೆ, ಬಚ್ಚಲಿಂದ ಊಟಕ್ಕೆ, ಅಂಗಳಕ್ಕೆ, ಜೀಪಿಗೆ. ಏಳು ವರ್ಷ ಹೀಗೆ ನಡೆಯಿತು. ಪುತ್ತೂರಿನ ಮದುವೆಗಳಿಗೆ ಹೋದಾಗ ನಾನು ಅವರನ್ನು ಎತ್ತಿಕೊಂಡು ಚಪ್ಪರದೊಳಗೆ ಬರುವುದನ್ನು ನೋಡಿ ಹೆಂಗಸರು, "ಈ ಕುಶಾಲಪ್ಪ ಇಲ್ಲದಿದ್ರೆ ರೈಗಳ ಗತಿ ಎಂತ ಮಾರಾಯ್ತಿ!" ಎನ್ನುತ್ತಿದ್ದರು. ಕೇಳಿಸದವನಂತೆ ಮುಂದೆ ಹೋಗುತ್ತಿದ್ದೆ. ಎತ್ತುವಾಗಲೆಲ್ಲ ರೈಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅದು ನೋವಿಗೆ ಎಂದು ತಿಳಿದಿದ್ದೆ.

ಎಂಬತ್ತೊಂದರಲ್ಲಿ ರೇಡಿಯೋ ಹಾಕಿದರೆ ಸಾಕು, ಇದು ಅಂಗವಿಕಲರ ವರ್ಷ ಎಂದು ಹೇಳುತ್ತಿದ್ದರು. ಆಗಸ್ಟಿನ ಒಂದು ಮಧ್ಯಾಹ್ನ, ಎರಡು ವಾರದ ಮಳೆ ಬಿಟ್ಟು ಬಿಸಿಲು ಬಂದಿತ್ತು. ರೈಗಳು ರೇಡಿಯೋ ಬಂದ್ ಮಾಡಿ ನನ್ನ ಕಡೆ ತಿರುಗಿದರು.

"ನಮಗೆ ಒಂದು ಇಡೀ ವರ್ಷ ಕೊಟ್ಟಿದ್ದಾರೆ ನೋಡು ಕುಶಾಲ. ಒಂದು ಬಾಗಿಲು ಕೊಟ್ಟಿದ್ರೆ ಸಾಕಿತ್ತು."

ನಾನು ನಕ್ಕೆ. ಅವರು ನಗದೆ ಅಂಗಳದಾಚೆಯ ದನದ ಹಟ್ಟಿಯನ್ನೇ ನೋಡುತ್ತಿದ್ದರು. ಮೇವಿಗೆ ಹೋದ ದನಗಳು ಹಿಂದಿರುಗಿ ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು.

"ಹಟ್ಟಿಗೆ ಹೊಸ್ತಿಲು ಉಂಟಾ?"

"ಹಟ್ಟಿಗೆ ಎಂತ ಹೊಸ್ತಿಲು ಧಣಿ? ದನ ಎಡವುದಿಲ್ಲವಾ?"

"ದನ ಎಡವಬಾರ್ದು ಅಂತ ಯೋಚನೆ ಮಾಡಿದವರು ನಾವು" ಎಂದರು. ಆಮೇಲೆ, "ನನ್ನನ್ನು ಅಂಗಳಕ್ಕೆ ಇಳಿಸು" ಎಂದರು.

ಇಳಿಸಿದೆ, ಕುರ್ಚಿಯನ್ನೂ ಇಳಿಸಿದೆ. ಅವರು ಕುಳಿತು, ನನ್ನ ಕೈ ತಳ್ಳಿ, ತಾವೇ ಗಾಲಿ ಉರುಳಿಸಿಕೊಂಡು ಹಟ್ಟಿಯ ಕಡೆ ಹೊರಟರು. ಹಟ್ಟಿಯ ಬಾಗಿಲು ಜೋಡಿ ಎತ್ತು ಒಟ್ಟಿಗೆ ನುಗ್ಗುವಷ್ಟು ಅಗಲ. ಗಂಜಳ ಹರಿದುಹೋಗಲೆಂದು ನೆಲಕ್ಕೆ ಸಣ್ಣ ಇಳಿಜಾರು. ಕುರ್ಚಿ ಸರಾಗವಾಗಿ ಒಳಗೆ ಹೋಯಿತು. ಒಳಗೆ ಒಂದು ಸುತ್ತು ತಿರುಗುವ ಸದ್ದು ಕೇಳಿತು, ದನವೊಂದು ಬುಸ್ಸೆಂದಿತು, ಮತ್ತೆ ರೈಗಳು ಹೊರಗೆ ಬಂದರು. ಅಂಗಿಯ ಮೇಲೆಲ್ಲ ಸಗಣಿ. ಗಟ್ಟಿಯಾಗಿ ನಗುತ್ತಿದ್ದರು. ಅಂಥ ನಗು ನಾನು ಕೇಳಿ ಏಳು ವರ್ಷವಾಗಿತ್ತು.

ಅವರ ಹೆಂಡತಿ ಸರೋಜಕ್ಕ ಅಡುಗೆಮನೆಯಿಂದ ಓಡಿ ಬಂದರು. "ಅಯ್ಯೋ ದೇವರೇ, ಇದೆಂತ ಅವಸ್ಥೆ! ಮೈಯೆಲ್ಲ ಸಗಣಿ!"

"ಸಗಣಿ ತೊಳೆದ್ರೆ ಹೋಗ್ತದೆ. ಇವಳೇ, ನಾನು ಒಂದು ಮನೆಯ ಒಳಗೆ ಹೋಗಿ, ಹೊರಗೆ ಬಂದೆ. ಯಾರೂ ಎತ್ತಲಿಲ್ಲ!"

ಸರೋಜಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅಂಗಳದ ನಡುವೆ ಸುಮ್ಮನೆ ನಿಂತಿದ್ದೆ. ಕೈ ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ.

ಅವತ್ತು ಸಂಜೆಯೇ ಅವರು ಹೇಳಿದರು: ಹೊಳೆಯ ದಂಡೆಯಲ್ಲಿ ಹಟ್ಟಿಯ ಹಾಗಿನ ಐದು ಸಣ್ಣ ಮನೆ ಕಟ್ಟಬೇಕು. ಒಂದು ಅವರಿಗೆ. ನಾಲ್ಕು ಆಸ್ಪತ್ರೆಯಲ್ಲಿ ಜೊತೆಗಿದ್ದ ನಾಲ್ವರಿಗೆ. ಅವರೆಲ್ಲ ಕುರ್ಚಿಯವರೇ, ಮನೆಯ ಯಾವುದೋ ಕೋಣೆಯಲ್ಲಿ ಕುಳಿತು, ಹೊರಗಿನ ಗಾಳಿ ಕಂಡು ವರ್ಷಗಳಾದವರು. ಡಿಸೆಂಬರಿನಲ್ಲಿ ಹೊಳೆ ಇಳಿದಾಗ ಒಂದು ವಾರ ಬಂದು ಇರಲಿ, ಮೀನು ಹಿಡಿಯಲಿ, ಹಕ್ಕಿ ನೋಡಲಿ. ಆ ನಾಲ್ಕು ಕಾಗದವನ್ನೂ ರೈಗಳು ಹೇಳಿದಂತೆ ನಾನೇ ಬರೆದೆ. ಪ್ರತಿಯೊಂದರ ಕೊನೆಯಲ್ಲಿ ಒಂದೇ ಸಾಲು: "ಇಲ್ಲಿ ನಿಮ್ಮನ್ನು ಯಾರೂ ಎತ್ತುವುದಿಲ್ಲ." ನನ್ನ ಅಕ್ಷರ ದುಂಡಗಿದೆಯೆಂದು ಮಾಸ್ತರರು ಹೊಗಳುತ್ತಿದ್ದರು. ಅದೇ ದುಂಡು ಅಕ್ಷರದಲ್ಲಿ ನಾಲ್ಕು ಸಲ ಅದನ್ನು ಬರೆದೆ. ನಾಲ್ಕನೆಯದು ಬರೆಯುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿತು.

ನವರಾತ್ರಿ ಕಳೆದ ಕೂಡಲೇ ಕೆಲಸ ಹಿಡಿದೆವು. ಸೊಂಟದೆತ್ತರಕ್ಕೆ ಕೆಂಪುಕಲ್ಲಿನ ಗೋಡೆ, ಅದರ ಮೇಲೆ ಬಿದಿರಿನ ತಟ್ಟಿ, ಮುಳಿಹುಲ್ಲು ಹೊದಿಸಿದ ಮಾಡು, ಸಿಮೆಂಟಿನ ನೆಲ. ಮಲಗುವ ಮಂಚ ಕುರ್ಚಿಯ ಎತ್ತರಕ್ಕೇ, ಪಕ್ಕಕ್ಕೆ ಜಾರಿದರೆ ಸಾಕು. ಕಕ್ಕಸಿನ ಬಾಗಿಲೂ ಹಟ್ಟಿಯ ಬಾಗಿಲಷ್ಟೇ ಅಗಲ. ಮನೆಯಿಂದ ದಂಡೆಗೆ ಇಳಿಯುವ ದಾರಿಯನ್ನು ರೈಗಳು ಆಸ್ಪತ್ರೆಯಲ್ಲಿ ಕಲಿತ ಲೆಕ್ಕದಂತೆ ಮಾಡಿಸಿದರು: ಒಂದಡಿ ಇಳಿಯಲು ಹನ್ನೆರಡಡಿ ದಾರಿ. ನೇರ ಹೋದರೆ ಬೀಡಿ ಹಚ್ಚುವುದರೊಳಗೆ ತಲುಪುವ ಜಾಗಕ್ಕೆ ಹಾವಿನಂತೆ ಸುತ್ತಿ ಸುತ್ತಿ ಹೋಗಬೇಕಾಯಿತು. ಆಳುಗಳು ಅದಕ್ಕೆ "ರೈಗಳ ಘಾಟಿ" ಎಂದು ಹೆಸರಿಟ್ಟರು. ಮರಳಿನಲ್ಲಿ ಗಾಲಿ ಹೂತುಹೋಗದಂತೆ ಸತ್ತ ಅಡಿಕೆ ಮರಗಳನ್ನು ಸೀಳಿ ಹಲಗೆ ಮಾಡಿ, ಹಗ್ಗದಲ್ಲಿ ಹೆಣೆದು, ನೀರಿನ ಅಂಚಿನವರೆಗೆ, ಅಲ್ಲಿಂದ ಮೇಲ್ಗಡೆಯ ಬಂಡೆಯವರೆಗೆ ಚಾಪೆಯಂತೆ ಹಾಸಿದೆವು.

ಪೇಟೆಯಲ್ಲಿ ನಗುವವರಿಗೆ ಕೆಲಸ ಸಿಕ್ಕಿತು. "ಏನು ರೈಟರ್ರೇ, ನಿಮ್ಮ ಧಣಿ ನೆಂಟರನ್ನು ಹಟ್ಟಿಯಲ್ಲಿ ಕಟ್ತಾರಂತಲ್ಲ? ಕುಡಿಯಲಿಕ್ಕೆ ಅಕ್ಕಚ್ಚು ಕೊಡ್ತಾರಾ?" ಎಂದು ಕಡಬದ ಹೋಟೆಲಿನಲ್ಲಿ ಒಬ್ಬ ಕೇಳಿದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ರೈಗಳು ಒಂದು ಹಟ ಹಿಡಿದಿದ್ದರು. ದಾರಿ ಪೂರ್ತಿಯಾಗುವ ತನಕ ಆ ಜಾಗವನ್ನು ನೋಡುವುದಿಲ್ಲ. "ಎತ್ತಿಸಿಕೊಂಡು ಹೋಗಿ ನೋಡಿದ್ರೆ ಆ ಜಾಗದ ಮರ್ಯಾದೆ ಹೋಯ್ತು. ನಾನು ನನ್ನ ಗಾಲಿಯಲ್ಲೇ ಇಳಿಯುದು, ಅವರ ಒಟ್ಟಿಗೇ." ಹಾಗಾಗಿ ಅವರಿಗೆ ಕಣ್ಣು ಎಂದರೆ ನಾನು. ದಿನಾ ಸಂಜೆ ಚಾವಡಿಯಲ್ಲಿ ಕುಳಿತು ಪ್ರಶ್ನೆ ಕೇಳುತ್ತಿದ್ದರು. ಬಾಗಿಲು ಎಷ್ಟು? ಮೂರೂವರೆ ಅಡಿ. ಮಂಚ ಎಷ್ಟೆತ್ತರ? ಇಷ್ಟು. ನಾನು ಹೇಳಿದ್ದನ್ನು ಅವರು ಎರಡನೇ ಸಲ ಕೇಳುತ್ತಿರಲಿಲ್ಲ.

ಬಾಗಿಲ ಕೆಲಸಕ್ಕೆ ಬಂದವರು ವಾಮನ ಆಚಾರಿಯವರು. ಮೆಲುಮಾತಿನ ಮನುಷ್ಯ, ಕಿವಿಯಲ್ಲಿ ಯಾವಾಗಲೂ ಪೆನ್ಸಿಲ್. ಹಲಸಿನ ಮರ ಕೊಯ್ದು ಬಾಗಿಲ ಚೌಕಟ್ಟು, ನಮ್ಮಲ್ಲಿ ದಾರಂದ ಎನ್ನುತ್ತಾರೆ, ಜೋಡಿಸಲು ಕುಳಿತ ದಿನ ನನ್ನನ್ನು ಕರೆದರು.

"ರೈಟರ್ರೇ, ದನ ಇರುವ ಹಟ್ಟಿಗೆ ಮೂರು ಮರದ ದಾರಂದ ಆಗ್ತದೆ. ಮನುಷ್ಯರು ಮಲಗುವಲ್ಲಿಗೆ ನಾಲ್ಕು ಬೇಕು, ಕೆಳಗೆ ಹೊಸ್ತಿಲು ಇಲ್ಲದೆ ನಾನು ಇಡುದಿಲ್ಲ. ಆದ್ರೆ ಒಂದು ಉಪಾಯ ಉಂಟು. ಕೆಳಗಿನ ಮರವನ್ನು ನೆಲದ ಒಳಗೆ ಹೂತುಬಿಡ್ತೇನೆ. ಮೇಲ್ಮೈ ನೆಲಕ್ಕೆ ಸಮ. ಹೊಸ್ತಿಲು ಇದ್ದ ಹಾಗೂ ಆಯ್ತು, ಕುರ್ಚಿಗೆ ತಾಗದ ಹಾಗೂ ಆಯ್ತು. ಆಗ್ಬಹುದಾ?"

ಎಷ್ಟು ಚಂದದ ಉಪಾಯ! ಆಗಬಹುದು ಎಂದಿದ್ದರೆ ಮುಗಿದಿತ್ತು.

"ಬೇಡ" ಎಂದೆ. "ಎರಡು ಇಂಚು ಮೇಲೆ ಇರ್ಲಿ."

ಆಚಾರಿಯವರು ಕಿವಿಯ ಪೆನ್ಸಿಲ್ ತೆಗೆದು ನನ್ನ ಮುಖ ನೋಡಿದರು. "ಧಣಿ ಹೇಳಿದ್ರಾ?"

"ಹೌದು. ಹಾವು ಹುಳ ಬರ್ತದಲ್ಲ? ಧಣಿಗಳೇ ಹೇಳಿದ್ದು."

"ಅವರಿಗೆ ಕುರ್ಚಿ ಹತ್ತಿಸಲಿಕ್ಕೆ ಆಗ್ತದಾ?"

"ಎರಡು ಇಂಚು ಎಂತ ಮಹಾ? ಆಗದಿದ್ರೆ ನಾನಿಲ್ಲವಾ?"

ಅವರು ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಐದು ದಾರಂದಕ್ಕೂ ಎರಡಿಂಚಿನ ಹೊಸ್ತಿಲು ಕೂತಿತು. ಸಂಜೆ ರೈಗಳು ಕೇಳಿದರು: "ಬಾಗಿಲಲ್ಲಿ ನೆಲ ಹೇಗುಂಟು?" "ಸಮ ಉಂಟು ಧಣಿ. ಹಟ್ಟಿಯ ಹಾಗೆಯೇ" ಎಂದೆ.

ಬರುವ ದಿನ ಬಂತು. ಬೆಳಿಗ್ಗೆಯೇ ಎರಡು ಜೀಪು ಅಂಗಳದಲ್ಲಿ ನಿಂತವು. ಅವರ ಮನೆಯವರೂ ನಮ್ಮ ಆಳುಗಳೂ ಸೇರಿ ನಾಲ್ವರನ್ನು ಇಳಿಸಿದೆವು. ಅವರಲ್ಲಿ ಇಬ್ಬರನ್ನು ನಾನು ಸಾಯುವವರೆಗೂ ಮರೆಯಲಾರೆ. ಒಬ್ಬರು ಸಂಪಾಜೆ ಕಡೆಯ ಪೂವಪ್ಪ ಹವಾಲ್ದಾರರು, ಮೀಸೆಯ ಮನುಷ್ಯ. ಅವರ ಕುರ್ಚಿ ಬೆತ್ತದ್ದು. ಸೈಕಲ್ ಅಂಗಡಿಯಲ್ಲಿ ಚಕ್ರ ಹಾಕಿಸಿದ್ದು. ಇನ್ನೊಬ್ಬರು ನೆಲ್ಯಾಡಿಯ ಏಲಿಯಾಮ್ಮ ಟೀಚರ್. ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆತನ. ಬಸ್ಸು ಮಗುಚಿ ಕಾಲು ಹೋಗುವವರೆಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು.

ಕುರ್ಚಿಯಲ್ಲಿ ಕುಳಿತದ್ದೇ ಹವಾಲ್ದಾರರು ಬೆರಳು ಮಡಚಿದರು. "ಮನೆಯಿಂದ ಇಲ್ಲಿಗೆ ನನ್ನನ್ನು ಎತ್ತಿದ್ದು ಆರು ಸಲ. ರೈಗಳೇ, ಏಳನೇದು ಉಂಟಾ?"

"ಇಲ್ಲ ಹವಾಲ್ದಾರ್ರೇ. ಇನ್ನು ಒಂದು ವಾರ ನಿಮ್ಮನ್ನು ಯಾರಾದ್ರೂ ಮುಟ್ಟಿದ್ರೆ ಕೇಳಿ."

"ಕಾಗದದಲ್ಲಿ ಬರೆಯುದು ಸುಲಭ" ಎಂದರು ಟೀಚರ್. "ನಾನು ನೋಡದೆ ಮಾರ್ಕ್ ಕೊಡುದಿಲ್ಲ."

ರೈಗಳ ಘಾಟಿಯಲ್ಲಿ ಐದು ಕುರ್ಚಿ ಇಳಿದವು. ಮುಂದೆ ರೈಗಳು. ಒಂದೊಂದು ತಿರುವಿನಲ್ಲೂ ನಿಂತು, ಉಸಿರು ತೆಗೆದುಕೊಂಡು, ಹಿಂದಿನವರನ್ನು ಕರೆದು, ನಗಾಡಿಕೊಂಡು ಇಳಿದರು. ಹಿಂದೆ ನಾವು ಕೈ ಬೀಸಿಕೊಂಡು ನಡೆದೆವು. ಕೊನೆಯ ತಿರುವಿನಲ್ಲಿ ಹೊಳೆ ಕಂಡಿತು. ಇಳಿದ ನೀರು, ನಡುವೆ ಬಂಡೆಗಳು, ಆಚೆ ದಡದಲ್ಲಿ ಕಾಡು. ಟೀಚರ್ ಕುರ್ಚಿ ನಿಲ್ಲಿಸಿ, "ಎನ್ಟೆ ಕರ್ತಾವೇ" ಎಂದು ಮಲಯಾಳದಲ್ಲಿ ದೇವರನ್ನು ಕರೆದು ಕಣ್ಣಿಗೆ ಕೈ ಅಡ್ಡ ಹಿಡಿದರು.

ಸಂಪ್ರದಾಯದಂತೆ ಆಚಾರಿಯವರಿಗೆ ಸರೋಜಕ್ಕ ವೀಳ್ಯ, ಹೊಸ ಪಂಚೆ ಕೊಟ್ಟಿದ್ದರು. ಅದನ್ನೇ ಉಟ್ಟು ಮೊದಲ ಹಟ್ಟಿಯ ಪಕ್ಕದಲ್ಲಿ ನಿಂತಿದ್ದರು. ನನಗೆ ಆಗ ಹೆದರಿಕೆ ಆಯಿತು. ಓಡಿ ಮುಂದೆ ಹೋಗಿ ಹೇಳಬೇಕೆಂದಿದ್ದೆ: ನಿಧಾನ ಧಣಿ, ಸ್ವಲ್ಪ ಎತ್ತರ ಉಂಟು. ಬಾಯಿ ಬರಲಿಲ್ಲ. ರೈಗಳು ನನ್ನ ಮಾತು ನಂಬಿದವರು. ಬಾಗಿಲಿಗೆ ಹತ್ತು ಮಾರು ಇರುವಾಗ ಕೈ ಬೀಸಿ ಗಾಲಿ ತಿರುಗಿಸಿ, ಎಲ್ಲರೂ ನೋಡಲಿ ಎಂದು ಜೋರಾಗಿ ನುಗ್ಗಿದರು. ಮುಂದಿನ ಸಣ್ಣ ಗಾಲಿ ಹೊಸ್ತಿಲಿಗೆ ಬಡಿಯಿತು. ಕುರ್ಚಿ ಹಿಂದಿನಿಂದ ಎದ್ದಿತು. ರೈಗಳು ಎರಡೂ ಕೈ ಊರಿ, ಅರ್ಧ ಒಳಗೆ ಅರ್ಧ ಹೊರಗೆ ಬೋರಲು ಬಿದ್ದರು.

ನಾನು ಹೋಗಿ ಬಗ್ಗಿ ಕೈ ಹಾಕಿದೆ.

"ಮುಟ್ಟಬೇಡ."

ಕೈ ಹಿಂದೆ ತೆಗೆದೆ. ಅವರು ಮೊಣಕೈಯಿಂದ ತೆವಳಿ, ಗೋಡೆಗೆ ಒರಗಿ ಕುಳಿತರು. ಅಂಗೈ ತರಚಿತ್ತು. ಹೊಸ್ತಿಲಿನ ಮೇಲೆ ಬೆರಳಾಡಿಸಿದರು.

"ಇದು ಸಮವಾ ಕುಶಾಲ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಕ್ಷಣವೂ ಯೋಚನೆ ಮಾಡದೆ ನನ್ನ ಬಾಯಿ ಹೇಳಿತು: "ಆಚಾರಿ ಕೇಳಲಿಲ್ಲ ಧಣಿ. ಶಾಸ್ತ್ರ ಅಂತ ಹಟ ಮಾಡಿ ಇಟ್ಟರು."

ಹೊಸ ಪಂಚೆಯ ಆಚಾರಿಯವರು ಐದಡಿ ದೂರದಲ್ಲಿ ನಿಂತಿದ್ದರು. ಅಲ್ಲ ಎನ್ನಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ.

"ಹಾಗಾದ್ರೆ ಏಳನೇದು ಉಂಟು" ಎಂದರು ಹವಾಲ್ದಾರರು ಮೆಲ್ಲಗೆ. ಟೀಚರ್ ಹೊಳೆಯ ಕಡೆಗೆ ಮುಖ ತಿರುಗಿಸಿದರು. ಆಳುಗಳು ಒಬ್ಬೊಬ್ಬರನ್ನು ಎತ್ತಿ ಒಳಗಿಡಲು ಮುಂದೆ ಬಂದರು. ರೈಗಳು ಕೈ ಎತ್ತಿ ತಡೆದರು.

"ಯಾರನ್ನೂ ಎತ್ತುದು ಬೇಡ. ಆಚಾರ್ರೇ, ನೀವು ಇಟ್ಟದ್ದನ್ನು ನೀವೇ ತೆಗೀರಿ. ನಾವು ಹೊರಗೇ ಕೂರ್ತೇವೆ. ಐದೂ ಬಾಗಿಲು ಆಗುವಲ್ಲಿವರೆಗೆ ನಾನು ಈ ನೆಲ ಬಿಟ್ಟು ಏಳುದಿಲ್ಲ."

ಆಚಾರಿಯವರು ಚೀಲ ಬಿಚ್ಚಿ ಗರಗಸ, ಉಳಿ, ಕೊಡತಿ ತೆಗೆದರು. ತೆಗೆದು ತಂದು ನನ್ನ ಕೈಗೆ ಕೊಟ್ಟರು.

"ನನ್ನ ಕೈ ಕೂರಿಸಿದ ಹೊಸ್ತಿಲನ್ನು ನನ್ನ ಕೈ ಕೊಯ್ಯುದಿಲ್ಲ. ನೀವು ಕೊಯ್ಯಿ ರೈಟರ್ರೇ. ನಾನು ಗುರುತು ಹಾಕಿಕೊಡ್ತೇನೆ."

ಮಂಡಿಯೂರಿ ಕುಳಿತೆ. ಅವರು ಪೆನ್ಸಿಲಿನಲ್ಲಿ ಗೆರೆ ಎಳೆದರು. ನಾನು ಗೆರೆಯ ಮೇಲೆ ಗರಗಸ ಹಾಕಿ ನೆಲದ ಮಟ್ಟದವರೆಗೆ ಕೊಯ್ದೆ. ನಾಲ್ಕು ಬೆರಳಿಗೊಂದು ಕೊಯ್ತ, ಆಮೇಲೆ ಉಳಿ ಇಟ್ಟು ಬಡಿದು ತುಂಡು ತುಂಡಾಗಿ ಎಬ್ಬಿಸಬೇಕು. ಹಲಸು ಹಸಿಯಿತ್ತು. ಹಳದಿ ಹುಡಿ ಮೊಣಕಾಲಿನ ಮೇಲೆ ಬೀಳುತ್ತಿತ್ತು. ರೈಗಳು ನೆಲದಲ್ಲಿ ನನ್ನ ಎದುರಿಗೇ ಕುಳಿತಿದ್ದರು. ಏಳು ವರ್ಷದಲ್ಲಿ ಮೊದಲ ಸಲ ನಮ್ಮಿಬ್ಬರ ಕಣ್ಣು ಒಂದೇ ಎತ್ತರದಲ್ಲಿತ್ತು. ಆ ಕಣ್ಣು ಮುಚ್ಚಲಿಲ್ಲ.

ಮೊದಲನೆಯದು ಮುಗಿಯುವಾಗ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಎರಡನೆಯದರಲ್ಲಿ ಅದು ಒಡೆಯಿತು. ಮೂರನೆಯ ಹಟ್ಟಿಗೆ ಹೋದಾಗ ಟೀಚರ್ ಹಿಂದೆಯೇ ಕುರ್ಚಿ ತಂದು ಆಚಾರಿಯವರಿಗೆ ಹೇಳಿದರು: "ಆಚಾರ್ರೇ, ನಿಮ್ಮ ಶಾಸ್ತ್ರಕ್ಕೆ ಪಾಪ ಈ ರೈಟರ್ ಬೆವರಿಳಿಸ್ತಾ ಇದ್ದಾರೆ. ನೀವು ಹೊಸ ಪಂಚೆ ಉಟ್ಟು ನಿಂತಿದ್ದೀರಿ. ಚಂದ ಉಂಟು."

ಆಚಾರಿಯವರು ಬಗ್ಗಿ, ಜಾರುತ್ತಿದ್ದ ನನ್ನ ಗರಗಸವನ್ನು ಬೆರಳಿನಿಂದ ಸ್ವಲ್ಪ ಸರಿಸಿ, "ಅಲ್ಲಿ ಅಲ್ಲ, ಇಲ್ಲಿ. ಮೆಲ್ಲಗೆ ಎಳೆಯಿರಿ, ಕೈ ನೋವಾಗುದಿಲ್ಲ" ಎಂದರು.

ಅದನ್ನು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಗರಗಸ ಕೆಳಗಿಟ್ಟು ಎದ್ದು ನಿಂತೆ.

"ಧಣಿ" ಎಂದು ಕೂಗಿದೆ. ಮೊದಲ ಹಟ್ಟಿಯ ಬಾಗಿಲಲ್ಲಿ ಕುಳಿತಿದ್ದ ರೈಗಳು ತಿರುಗಿದರು. "ಆಚಾರ್ರು ನೆಲದೊಳಗೆ ಹೂಳ್ತೇನೆ ಅಂದಿದ್ರು. ಬೇಡ, ಮೇಲೆ ಇಡಿ ಅಂದವ ನಾನು. ನೀವು ಹೇಳಿದ್ದು ಅಂತ ಸುಳ್ಳು ಹೇಳಿ ಇಡಿಸಿದ್ದು. ನಿಮಗೆ ಸಮ ಉಂಟು ಅಂದದ್ದೂ ಸುಳ್ಳು. ಈಗ ಅವರ ತಲೆಗೆ ಕಟ್ಟಿದ್ದೂ ಸುಳ್ಳು."

ಹವಾಲ್ದಾರರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಯಾಕೆ?" ಎಂದರು ರೈಗಳು.

"ಜನ... ಹಟ್ಟಿ ಅಂತ ನಗಾಡ್ತಿದ್ರು ಧಣಿ. ಹೊಸ್ತಿಲಿದ್ರೆ ಮನೆ ಅಂತ ಕಾಣ್ತದೆ ಅಂತ..."

ರೈಗಳು ಮೂರನೆಯ ಹಟ್ಟಿಯ ಕಡೆ ಕೈ ತೋರಿಸಿದರು. "ಇನ್ನು ಎರಡೂವರೆ ಉಂಟು. ಕೊಯ್ಯಿ."

ಟೀಚರ್ ಆಚಾರಿಯವರ ಕಡೆ ತಿರುಗಿ ಕೈ ಮುಗಿದರು. "ಕ್ಷಮಿಸ್ಬೇಕು. ನಾನು ತಪ್ಪಾದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದೆ."

ಆಚಾರಿಯವರು ಆಗ ನಕ್ಕರು. ಹೊಸ ಪಂಚೆಯನ್ನು ಮೇಲಕ್ಕೆ ಕಟ್ಟಿ, ನನ್ನ ಪಕ್ಕದಲ್ಲಿ ಮಂಡಿಯೂರಿ ಉಳಿ ಹಿಡಿದರು. ನಾನು ಕೊಯ್ದೆ, ಅವರು ಎಬ್ಬಿಸಿದರು. ಹವಾಲ್ದಾರರು "ಏಕ್! ದೋ!" ಎಂದು ಗರಗಸಕ್ಕೆ ತಾಳ ಹಾಕಿದರು. ಸೂರ್ಯ ನೆತ್ತಿಯಿಂದ ಸ್ವಲ್ಪ ಇಳಿಯುವಾಗ ಐದನೆಯ ಹೊಸ್ತಿಲು ನೆಲಕ್ಕೆ ಸಮವಾಯಿತು.

ಇನ್ನು ರೈಗಳು ಕುರ್ಚಿ ಹತ್ತಬೇಕು. ಎತ್ತುವ ಹಾಗಿಲ್ಲ. ಹವಾಲ್ದಾರರು ಮಿಲಿಟರಿ ದನಿಯಲ್ಲಿ ಆಳುಗಳಿಗೆ ಹೇಳಿ ಅಡ್ಡ ಮಲಗಿಸಿದ ಒಂದು ಮುಳಿಹುಲ್ಲಿನ ಕಟ್ಟು, ಅದರ ಪಕ್ಕ ಎರಡು ಕೆಂಪುಕಲ್ಲು, ಅದರ ಪಕ್ಕ ಕುರ್ಚಿ ಇಡಿಸಿದರು. "ರೈಗಳೇ, ನೀವು ಮರ ಹತ್ತಿದವರು. ಕೈ ಇನ್ನೂ ಅದೇ ಅಲ್ಲವಾ? ಕಾಲು ಮರೆತುಬಿಡಿ. ಕೈ ಊರಿ, ಸೊಂಟ ಎತ್ತಿ, ಹಿಂದಕ್ಕೆ!"

ನೆಲದಿಂದ ಹುಲ್ಲಿಗೆ ಬಂದರು. ಹುಲ್ಲಿಂದ ಕಲ್ಲಿಗೆ ಹೋಗುವಾಗ ಒಮ್ಮೆ ಜಾರಿದರು. ನಾನು ಹೆಜ್ಜೆ ಇಟ್ಟುಬಿಟ್ಟಿದ್ದೆ. ಆಚಾರಿಯವರು ನನ್ನ ಅಂಗಿ ಹಿಡಿದು ನಿಲ್ಲಿಸಿದರು. ರೈಗಳು ಮತ್ತೆ ಕೈ ಊರಿದರು, ಕುತ್ತಿಗೆಯ ನರ ಉಬ್ಬಿತು, ಕಲ್ಲಿಗೆ ಬಂದರು. ಕಲ್ಲಿಂದ ಕುರ್ಚಿಗೆ. ಎಲ್ಲರೂ ಕೂಗಿದರು. ನಾನೂ ಕೂಗಿದೆ. ಏಳು ವರ್ಷ ನಾನು ಎತ್ತುತ್ತಲೇ ಇದ್ದದ್ದರಿಂದ, ಅವರಿಗೆ ಹತ್ತಲು ಬರುತ್ತದೆ ಎಂದು ಅವರಿಗೂ ಗೊತ್ತಾಗಿರಲಿಲ್ಲ.

ರೈಗಳು ಹಿಂದಕ್ಕೆ ಹೋಗಿ ಅದೇ ಹತ್ತು ಮಾರು ದೂರದಿಂದ ಬಂದು ಬಾಗಿಲೊಳಗೆ ನುಗ್ಗಿದರು. ಗಾಲಿ ಹಲಸಿನ ಹಳದಿ ಗೆರೆಯ ಮೇಲೆ ಸದ್ದಿಲ್ಲದೆ ದಾಟಿತು. ಎರಡನೆಯದಕ್ಕೆ ಹವಾಲ್ದಾರರು, ಮೂರನೆಯದಕ್ಕೆ ಟೀಚರ್, ಮತ್ತೆ ಉಳಿದಿಬ್ಬರು. ಒಳಗೆ ಹೋದ ಟೀಚರ್ ಮತ್ತೆ ಹೊರಗೆ ಬಂದರು. ಮತ್ತೆ ಒಳಗೆ, ಮತ್ತೆ ಹೊರಗೆ. ಹೀಗೆ ಎಷ್ಟು ಸಲವೋ. ಕೊನೆಗೆ ಬಾಗಿಲಲ್ಲಿ ನಿಂತು ಹೇಳಿದರು: "ನೂರಕ್ಕೆ ನೂರು."

ಆ ವಾರ ಹೊಳೆಬದಿಯಲ್ಲಿ ಎಷ್ಟು ನಗು, ಎಷ್ಟು ಗಲಾಟೆ! ಟೀಚರ್ ಅಡಿಕೆ ಹಲಗೆಯ ಮೇಲೆ ನೀರಿನ ಅಂಚಿಗೆ ಹೋಗಿ ಕಾಲನ್ನು ಕೈಯಿಂದಲೇ ಎತ್ತಿ ನೀರಿಗಿಟ್ಟು, "ತಣ್ಣಗೆ ಅಂತ ಗೊತ್ತಾಗುದಿಲ್ಲ, ಆದ್ರೆ ಕಣ್ಣಿಗೆ ಗೊತ್ತಾಗ್ತದೆ" ಎನ್ನುತ್ತಿದ್ದರು. ಹವಾಲ್ದಾರರು ಒಣಮೀನು ಸುಟ್ಟು ಎಲ್ಲರಿಗೂ ಹಂಚಿದರು. ಪೇಟೆಯವರು ನೋಡಲು ಬಂದರು. ಹೋಟೆಲಿನಲ್ಲಿ ನಕ್ಕವನು ತನ್ನ ಅಜ್ಜಿಯನ್ನು ಕರೆದುಕೊಂಡು ಬರಬಹುದೇ ಎಂದು ಮೆಲ್ಲಗೆ ಕೇಳಿದ. ಮುಂದೆ ಆ ಹಟ್ಟಿಗಳು ಎಂಟೊಂಬತ್ತು ವರ್ಷ, ಪ್ರತಿ ಡಿಸೆಂಬರಿನಿಂದ ಮಾರ್ಚಿವರೆಗೆ ಖಾಲಿ ಇರಲಿಲ್ಲ. ಸುಳ್ಯದಿಂದ, ಪುತ್ತೂರಿನಿಂದ, ಘಟ್ಟದ ಮೇಲಿನಿಂದಲೂ ಬಂದರು.

ಈಗ ಉಳಿದರ್ಧ. ಜನ ನಗುತ್ತಾರೆ ಎಂದು ಹೊಸ್ತಿಲು ಇಡಿಸಿದೆ ಎಂದು ಅವತ್ತು ಎಲ್ಲರೆದುರು ಹೇಳಿದೆನಲ್ಲ, ಅದೂ ನಿಜವಲ್ಲ. ನಗು ನನಗೆ ತಾಗಿತ್ತು, ಆದರೆ ಅದಕ್ಕಾಗಿ ನಾನು ಸುಳ್ಳು ಹೇಳುವವನಲ್ಲ. ಆಗಸ್ಟಿನ ಆ ಮಧ್ಯಾಹ್ನ ರೈಗಳು ಹಟ್ಟಿಯಿಂದ ನಗುತ್ತ ಹೊರಗೆ ಬಂದಾಗ ನನಗೆ ಸಂತೋಷವಾಗಲಿಲ್ಲ. ನಾನಿಲ್ಲದೆ ಹೋಗಿ ಬಂದರಲ್ಲ ಎಂದು ಹೊಟ್ಟೆ ಉರಿಯಿತು. ಅವರನ್ನು ಎತ್ತುವವನು ಎಂಬುದು ಬಿಟ್ಟರೆ ನಾನು ಆ ಊರಿಗೆ ಯಾರೂ ಆಗಿರಲಿಲ್ಲ. ಎರಡಿಂಚು ಇದ್ದರೆ ನನ್ನನ್ನು ಕರೆಯಲೇಬೇಕು. ಕರೆಯಲಿ ಎಂದೇ ಇಡಿಸಿದೆ. ಒಬ್ಬ ಮನುಷ್ಯ ತನ್ನ ಬಾಗಿಲಲ್ಲಿ ಶಾಶ್ವತವಾಗಿ ನನಗಾಗಿ ಕಾಯುತ್ತಿರಲಿ ಎಂದು ಬಯಸಿದೆ. ಇದನ್ನು ರೈಗಳು ಇರುವಾಗ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಅವರಿಗೆ ಗೊತ್ತಿತ್ತೆಂದೇ ನನಗೆ ಅನ್ನಿಸುತ್ತದೆ.

ಯಾಕೆಂದರೆ ಮೂರನೆಯ ದಿನ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋದಾಗ ಅವರ ಹಟ್ಟಿ ಖಾಲಿಯಿತ್ತು. ಕುರ್ಚಿಯೂ ಇರಲಿಲ್ಲ. ನನಗೆ ಹೇಳದೆಯೇ ಹೋಗಿದ್ದರು. ಹೊಸ್ತಿಲು ಹೋದ ಮೇಲೆ ಬಾಗಿಲ ಅಡಿಯಲ್ಲಿ ಉಳಿದ ಸಂದಿಗೆ ಪಟ್ಟಿ ಹೊಡೆಯುತ್ತ ಆಚಾರಿಯವರು ಪಕ್ಕದ ಹಟ್ಟಿಯಲ್ಲಿದ್ದರು. ಕಾಫಿ ಅವರ ಕೈಗೆ ಕೊಟ್ಟು ಓಡಿದೆ. ಹಲಗೆಯ ದಾರಿ ಹಿಡಿದು, ನೀರಿನ ಅಂಚಿನಿಂದ ಮೇಲ್ಗಡೆಗೆ ತಿರುಗಿ, ದಾರಿ ಮುಗಿಯುವ ಬಂಡೆಯವರೆಗೆ ಹೋದೆ. ರೈಗಳು ಅಲ್ಲಿದ್ದರು. ಮಂಜು ನೀರಿನ ಮೇಲೆ ಎದ್ದಿತ್ತು. ಗಾಲಿಗೆ ಕಲ್ಲು ಕೊಟ್ಟು, ಹಳೆಯ ಗಾಳ ನೀರಿಗೆ ಹಾಕಿ ಕುಳಿತಿದ್ದರು. ಬೆನ್ನು ನನ್ನ ಕಡೆಗಿತ್ತು. ಅವರ ಸುತ್ತ ಒಬ್ಬರೂ ಇರಲಿಲ್ಲ. ಏಳು ವರ್ಷದಲ್ಲಿ ಅವರು ಹಾಗೆ ಒಬ್ಬರೇ ಕುಳಿತದ್ದನ್ನು ನಾನು ನೋಡಿರಲಿಲ್ಲ.

ಧಣಿ ಎಂದು ಕರೆಯಲು ಬಾಯಿ ತೆರೆದಿದ್ದೆ. ಮುಚ್ಚಿದೆ. ಹಲಗೆ ಸದ್ದಾಗದಂತೆ ಮರಳಿನ ಮೇಲೆ ಕಾಲಿಟ್ಟು ಹಿಂದಿರುಗಿದೆ.

ಆಚಾರಿಯವರು ಕಾಫಿ ಕುಡಿದು ಮುಗಿಸಿದ್ದರು. "ಧಣಿ ಸಿಕ್ಕಿದ್ರಾ?"

"ಸಿಕ್ಕಿದ್ರು."

"ಮತ್ತೆ ಕರ್ಕೊಂಡು ಬರ್ಲಿಲ್ಲವಾ?"

"ಅವರೇ ಬರ್ತಾರೆ" ಎಂದೆ.